ಕಬ್ಬಿಣದ ಮಾಡಿನ ಮನೆಗೆ ಅಟ್ಟ

ಕೊಯ್ಲು ಮುಗಿದು ಮೂಟೆಗಳನ್ನು ಎಲ್ಲಿಡುವುದೆಂಬ ಚಿಂತೆ ಆರಂಭವಾಗುವ ಹೊತ್ತಿಗೆ ಸಂಘದ ಕಚೇರಿಯಲ್ಲಿ ವರ್ಷ ವರ್ಷವೂ ಕೇಳಿಬರುವ ಪ್ರಶ್ನೆಯೊಂದಿದೆ. “ಮಾಡಿಗೆ ಹೇಗೂ ಕಬ್ಬಿಣದ ಟ್ರಸ್ ಹಾಕಿಸಿದ್ದಾಗಿದೆ. ಅದರ ಮೇಲೆಯೇ ನಾಲ್ಕು ಹಲಗೆ ಹಾಸಿ ಅಟ್ಟ ಮಾಡಿಕೊಂಡರೆ ಆಗದೇ? ಮರಕ್ಕಿಂತ ಕಬ್ಬಿಣ ಗಟ್ಟಿಯಲ್ಲವೇ?” ಮೂಟೆ ಇಡಲು ಜಾಗ ಬೇಕಾದವರು ಕೆಲವರು, ಮಗನ ಮದುವೆಯಾಯಿತು, ಒಂದು ಕೋಣೆ ಹೆಚ್ಚಿಗೆ ಬೇಕೆನ್ನುವವರು ಕೆಲವರು. ಇಬ್ಬರಿಗೂ ಉತ್ತರ ಒಂದೇ. ಅಟ್ಟ ಮಾಡಿಕೊಳ್ಳಬಹುದು, ಆದರೆ ಅದರ ಭಾರವನ್ನು ಟ್ರಸ್ಸಿನ ಮೇಲೆ ಹೊರಿಸಬಾರದು. ಏಕೆ ಬಾರದು, ಹಾಗಾದರೆ ಯಾವುದರ ಮೇಲೆ ಹೊರಿಸಬೇಕು ಎಂಬುದನ್ನು ಲೆಕ್ಕಸಹಿತವಾಗಿ ಸದಸ್ಯ ಬಾಂಧವರ ಮುಂದಿಡುವುದು ಈ ಪಾಠದ ಉದ್ದೇಶ. ಲೆಕ್ಕವೆಂದ ಕೂಡಲೇ ಪುಟ ಮಗುಚಬಾರದಾಗಿ ವಿನಂತಿ. ಕೂಡಿಸಿ ಗುಣಿಸಲು ಬಂದರೆ ಸಾಕು.

ನಮ್ಮ ಹಿರಿಯರ ಮನೆಗಳಲ್ಲಿ ಅಟ್ಟವೆಂಬುದು ಮಾಡಿನ ಭಾಗವಾಗಿರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಹಲವೆಡೆ ಅದರ ಮೇಲೆ ಮಣ್ಣಿನ ಮುಚ್ಚಿಗೆ, ಇದು ಅಟ್ಟ. ಇದರ ಮೇಲೆ ಬೇರೆಯೇ ಆಗಿ ಪಕ್ಕಾಸು, ರೀಪು, ಹೆಂಚು. ಮಾಡಿನ ಭಾರ ಮಾಡಿನ ದಾರಿಯಲ್ಲಿ, ಅಟ್ಟದ ಭಾರ ಅಟ್ಟದ ದಾರಿಯಲ್ಲಿ ಗೋಡೆಗೆ ಇಳಿಯುತ್ತಿತ್ತು. ಸೋಗೆ, ಹುಲ್ಲು, ನಾಡ ಹೆಂಚಿನ ಕಾಲದಲ್ಲೂ ಹೀಗೆಯೇ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದು ಮಂಗಳೂರು ಹೆಂಚು ಘಟ್ಟ ಹತ್ತಿದ ಮೇಲೂ ಹೀಗೆಯೇ. ಮಾಡು ಬದಲಾಯಿತು, ಅಟ್ಟ ತನ್ನ ತೊಲೆಯ ಮೇಲೆಯೇ ಉಳಿಯಿತು. ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಒಲೆಯ ಹೊಗೆ ಹಾಯುತ್ತಿದ್ದುದರಿಂದ ಅಡಿಕೆ, ತೆಂಗಿನಕಾಯಿ, ಬಿತ್ತನೆಯ ಕಾಳು ಮಳೆಗಾಲ ಕಳೆಯುತ್ತಿದ್ದವು.

ಈಗ ಆ ಮರ ಸಿಗುವುದಿಲ್ಲ, ಸಿಕ್ಕಿದರೂ ಕೈಗೆಟುಕುವುದಿಲ್ಲ. ಗೆದ್ದಲಿನ ಕಾಟ ಬೇರೆ. ಹೀಗಾಗಿ ಪಕ್ಕಾಸು ತೆಗೆದು ಕಬ್ಬಿಣದ ಟ್ರಸ್ ಏರಿಸುವ ಕೆಲಸ ಮಲೆನಾಡಿನಲ್ಲೆಲ್ಲ ನಡೆದಿದೆ. ಹೆಂಚಿನ ಮೇಲೆ ಮಂಗಗಳ ಮೆರವಣಿಗೆ ನೋಡಿ ಬೇಸತ್ತವರು ಹೆಂಚನ್ನೂ ಇಳಿಸಿ ತಗಡು ಹೊದಿಸಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಪಕ್ಕಾಸಿನ ಜೊತೆಗೆ ಹಳೆಯ ತೊಲೆ, ಜಂತೆಗಳನ್ನೂ ತೆಗೆಸಿ ಬಿಟ್ಟಿರುತ್ತಾರೆ. ಖಾಲಿಯಾದ ಜಾಗದಲ್ಲಿ ಗೋಡೆಯಿಂದ ಗೋಡೆಗೆ ಟ್ರಸ್ಸಿನ ಕೆಳಗಿನ ಕಂಬಿ ಹಾದುಹೋಗಿರುತ್ತದೆ. ನೋಡುವವನ ಕಣ್ಣಿಗೆ ಅದೇ ತೊಲೆಯಂತೆ ಕಾಣುತ್ತದೆ.

ಅದು ತೊಲೆಯಲ್ಲ. ಇದನ್ನು ತಿಳಿಯಲು ಒಂದು ಅಡಿಕೆ ದಬ್ಬೆ ಸಾಕು. ಆರಡಿ ಉದ್ದದ ತೆಳು ದಬ್ಬೆಯನ್ನು ಇಬ್ಬರು ಎರಡು ತುದಿ ಹಿಡಿದು ಎಳೆಯಿರಿ, ಏನೂ ಆಗುವುದಿಲ್ಲ. ಅದೇ ದಬ್ಬೆಯ ಒಂದು ತುದಿಯನ್ನು ನೆಲಕ್ಕೂರಿ ಮೇಲಿನಿಂದ ಒತ್ತಿರಿ, ಬಿಲ್ಲಿನಂತೆ ಪಕ್ಕಕ್ಕೆ ಬಾಗುತ್ತದೆ. ಎರಡು ಕಲ್ಲಿನ ಮೇಲೆ ಅಡ್ಡವಿಟ್ಟು ನಡುವೆ ಕುಳಿತುಕೊಳ್ಳಿ, ಮುರಿದೇ ಹೋಗುತ್ತದೆ. ದಬ್ಬೆ ಒಂದೇ, ಬಲವೂ ಒಂದೇ. ಎಳೆತಕ್ಕೆ ತಾಳುವುದು, ಒತ್ತಡಕ್ಕೆ ತಾಳುವುದು, ಬಾಗಿಗೆ ತಾಳುವುದು ಈ ಮೂರೂ ಬೇರೆ ಬೇರೆ.

ಟ್ರಸ್ ಎಂದರೆ ತ್ರಿಕೋನಗಳ ಜೋಡಣೆ. ಹೆಂಚಿನ ಭಾರ ಮೇಲಿನ ಎರಡು ಓರೆ ಕಂಬಿಗಳನ್ನು ಒತ್ತುತ್ತದೆ. ಅವು ಒತ್ತಡಕ್ಕೊಳಗಾಗಿ ಕೆಳತುದಿಯಲ್ಲಿ ಗೋಡೆಗಳನ್ನು ಹೊರಕ್ಕೆ ದೂಡಲು ಹೊರಡುತ್ತವೆ. ಹಾಗೆ ದೂಡದಂತೆ ಎರಡು ತುದಿಗಳನ್ನು ಹಿಡಿದೆಳೆದು ಕಟ್ಟಿಹಾಕುವುದು ಕೆಳಗಿನ ಕಂಬಿಯ ಕೆಲಸ. ಎತ್ತಿನ ಗಾಡಿಗೆ ಹೇರಿದ ಹುಲ್ಲಿಗೆ ಹಗ್ಗ ಬಿಗಿದಂತೆ ಎನ್ನಬಹುದು. ನಡುವಿನ ಸಣ್ಣ ಓರೆ ಕಂಬಿಗಳಲ್ಲಿ ಕೆಲವು ಎಳೆತಕ್ಕೆ, ಕೆಲವು ಒತ್ತಡಕ್ಕೆ. ಒಂದೊಂದು ಕಂಬಿಗೂ ಒಂದೇ ಕೆಲಸ, ಆದ್ದರಿಂದಲೇ ಅಷ್ಟು ಸಪೂರ ಕಂಬಿಗಳಿಂದ ಅಷ್ಟು ದೊಡ್ಡ ಮಾಡನ್ನು ಹೊರಿಸಲು ಸಾಧ್ಯವಾಗುತ್ತದೆ. ಹೀಗಿರುವಲ್ಲಿ ಕೆಳಗಿನ ಕಂಬಿಯ ಮೇಲೆ ಹಲಗೆ ಹಾಸಿ ಮೂಟೆ ಇಟ್ಟರೆ, ಎಳೆತಕ್ಕೆಂದು ಮಾಡಿದ ಕಂಬಿಯನ್ನು ಬಾಗಿಗೆ ಒಡ್ಡಿದಂತಾಯಿತು. ಮೇಲಿನಿಂದ ಬರುವ ಎಳೆತವಂತೂ ಇದ್ದೇ ಇರುತ್ತದೆ.

ಈಗ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಗೋಡೆಯಿಂದ ಗೋಡೆಗೆ 30 ಅಡಿ ಅಗಲ. ಹತ್ತು ಹತ್ತು ಅಡಿಗೊಂದು ಟ್ರಸ್. ಇಳಿಜಾರು ಒಂದು ಅಡಿಗೆ ಏಳು ಇಂಚು, ಅಂದರೆ ಸುಮಾರು 30 ಡಿಗ್ರಿ. ಸೂರು ಸೇರಿ ಮಾಡಿನ ಉದ್ದ ಎರಡೂ ಕಡೆಗೆ ಕೂಡಿ ಸುಮಾರು 40 ಅಡಿ. ಆದುದರಿಂದ ಒಂದು ಟ್ರಸ್ಸಿನ ಪಾಲಿಗೆ ಬರುವ ಮಾಡು 400 ಚದರ ಅಡಿ. ಮಂಗಳೂರು ಹೆಂಚು ರೀಪು ಸಮೇತ ಚದರ ಅಡಿಗೆ ಸುಮಾರು 6 ಕೆ.ಜಿ. ತೂಗುತ್ತದೆ. ಒಂದು ಟ್ರಸ್ಸಿಗೆ 2,400 ಕೆ.ಜಿ. ಆಯಿತು. ಮಳೆ ಕುಡಿದ ಹೆಂಚು ಇನ್ನೂ ಹೆಚ್ಚು. ತಗಡಾದರೆ ಚದರ ಅಡಿಗೆ ಅರ್ಧ ಕೆ.ಜಿ. ಲೆಕ್ಕದಲ್ಲಿ 200 ಕೆ.ಜಿ. ಮಾತ್ರ. ಅದನ್ನು ಹಿಡಿದಿರುವ ಅಡ್ಡ ಪೈಪು, ಟ್ರಸ್ಸಿನ ಸ್ವಂತ ತೂಕ ಎಲ್ಲ ಕೂಡಿದರೂ ಆರುನೂರರ ಆಸುಪಾಸು. ರಿಪೇರಿಗೆ ಹತ್ತುವ ಜನರ ಭಾರ ಹಾಗೂ ಗಾಳಿಯ ಬಲಕ್ಕೆಂದು ಇನ್ನಷ್ಟು ಸೇರಿಸಿ ಟ್ರಸ್ ಮಾಡಿರುತ್ತಾರೆ. ತಗಡಿನ ಮಾಡಿಗೆಂದು ಮಾಡಿದ ಟ್ರಸ್ ಹೆಂಚಿಗೇ ಸಾಲದು ಎಂಬುದು ಇಲ್ಲಿ ತಾನಾಗಿಯೇ ಗೊತ್ತಾಗುತ್ತದೆ. ತಗಡಿನ ಸೆಕೆ ತಾಳದೆ ಮತ್ತೆ ಹೆಂಚು ಹೊದಿಸಬೇಕೆನ್ನುವವರು ಈ ಮಾತನ್ನು ಗುರುತು ಹಾಕಿಕೊಳ್ಳಬೇಕು.

ಇನ್ನು ಅಟ್ಟದ ಭಾರ. ನಡುವಿನ ಹತ್ತು ಅಡಿ ಅಗಲದಲ್ಲಿ ಮಾತ್ರ ಹಲಗೆ ಹಾಸಿದೆವೆನ್ನೋಣ. ಒಂದು ಟ್ರಸ್ಸಿನ ಪಾಲು 100 ಚದರ ಅಡಿ. ಮಲಗಿಸಿದ ಒಂದು ಕಾಫಿ ಮೂಟೆಗೆ ಆರು ಚದರ ಅಡಿ ಹಿಡಿದರೆ ಒಂದು ಸಾಲಿಗೆ 16 ಮೂಟೆ. ಐದು ಸಾಲು ಎತ್ತರಕ್ಕೆ ಪೇರಿಸಿದರೆ 80 ಮೂಟೆ. ಐವತ್ತು ಕೆ.ಜಿ.ಯ ಮೂಟೆಯಾದರೆ 4,000 ಕೆ.ಜಿ., ಅಂದರೆ ನಾಲ್ಕು ಟನ್. ಆರುನೂರು ಕೆ.ಜಿ. ಮಾಡು ಹೊರುವ ಟ್ರಸ್ಸಿಗೆ ನಾಲ್ಕು ಟನ್ ಕಾಫಿ ನೇತುಹಾಕಿದಂತಾಯಿತು! ಅಡಿಕೆ ಮೂಟೆ ಇನ್ನೂ ಭಾರ. ನಾವು ಮೂಟೆಗಳನ್ನು ಒಂದೊಂದಾಗಿ ಹೊತ್ತು ಏರಿಸುವುದರಿಂದ ಒಟ್ಟು ತೂಕ ಮನಸ್ಸಿಗೆ ಬರುವುದೇ ಇಲ್ಲ. ಅದೇ ಮಾಲನ್ನು ಮಾರುವ ದಿನ ಲಾರಿ ಬಂದಾಗ ತೂಕ ತಿಳಿಯುತ್ತದೆ.

ಕೆಳಗಿನ ಕಂಬಿಗೆ ಇದರಿಂದ ಏನಾಗುತ್ತದೆ? ನಮ್ಮ ಕಡೆ ಸಾಮಾನ್ಯವಾಗಿ ಹಾಕುವ ಎರಡು ಇಂಚಿನ ಚೌಕ ಪೈಪು, ಮೂರು ಮಿ.ಮೀ. ದಪ್ಪ, ಐದೈದು ಅಡಿಗೊಂದು ಗಂಟು ಎಂದು ಹಿಡಿಯಿರಿ. ಸಾಧಾರಣ ಕಬ್ಬಿಣಕ್ಕೆ ಬಾಗಿನಲ್ಲಿ ಹೊರಿಸಬಹುದಾದುದು ಚದರ ಸೆಂಟಿಮೀಟರಿಗೆ 1,600 ಕೆ.ಜಿ.ಯ ಹತ್ತಿರ. ಸುಮಾರು 2,500ಕ್ಕೆ ಅದು ಸೋತು ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ. ಜನ ಮಲಗುವ ಕೋಣೆಯ ಭಾರ ಹಾಕಿದರೆ ಈ ಪೈಪಿನಲ್ಲಿ ಹುಟ್ಟುವುದು ಸುಮಾರು 1,900. ಮೇಲೆ ಹೇಳಿದಂತೆ ಐದು ಸಾಲು ಕಾಫಿ ಪೇರಿಸಿದರೆ 3,800ರ ಹತ್ತಿರ. ಮಾಡಿನಿಂದ ಬರುವ ಎಳೆತವನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಅಂದರೆ ಕೋಣೆಗೇ ಸಾಲದ ಕಂಬಿಯ ಮೇಲೆ ನಾವು ಗೋದಾಮು ಕಟ್ಟಲು ಹೊರಟಿರುತ್ತೇವೆ.

“ನಮ್ಮ ನೆಂಟರ ಮನೆಯಲ್ಲಿ ಹತ್ತು ವರ್ಷದಿಂದ ಇಟ್ಟಿದ್ದಾರಲ್ಲ, ಏನೂ ಆಗಿಲ್ಲ” ಎನ್ನುವವರಿದ್ದಾರೆ. ಹತ್ತು ಮೂಟೆ ಇಟ್ಟಿರಬಹುದು, ಗೋಡೆಯ ಅಂಚಿಗೆ ಇಟ್ಟಿರಬಹುದು, ಅವರ ಕಂಬಿ ದಪ್ಪವಿರಬಹುದು. ಧಾರಣೆ ಏರಲಿ ಎಂದು ಎರಡು ವರ್ಷದ ಬೆಳೆಯನ್ನು ಒಟ್ಟಿಗೆ ಇಟ್ಟುಕೊಂಡ ವರ್ಷವೇ ಪರೀಕ್ಷೆಯ ವರ್ಷ. ಅದೂ ಆಷಾಢದಲ್ಲಿ, ಹೆಂಚು ನೆನೆದು, ಗಾಳಿ ಬೀಸಿ, ಮನೆಯವರೆಲ್ಲ ಅದೇ ಮಾಡಿನ ಕೆಳಗೆ ಮಲಗಿರುವ ಹೊತ್ತಿನಲ್ಲಿ.

ಅಟ್ಟಕ್ಕೆ ಎಷ್ಟು ಭಾರ ಹಿಡಿಯಬೇಕೆಂಬುದಕ್ಕೆ ನಾವು ಊಹೆ ಮಾಡಬೇಕಾಗಿಲ್ಲ. ಭಾರತೀಯ ಮಾನಕ 875, ಎರಡನೆಯ ಭಾಗ, 1987ರ ಪ್ರಕಟಣೆ ಇದನ್ನು ಹೇಳಿದೆ. ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ., ಅಂದರೆ ಚದರ ಅಡಿಗೆ 19 ಕೆ.ಜಿ. ಗೋದಾಮಿಗೆ ಕನಿಷ್ಠ 750 ಕೆ.ಜಿ., ಚದರ ಅಡಿಗೆ 70. ಎರಡಕ್ಕೂ ಇರುವ ಅಂತರವನ್ನು ನೋಡಿ. ಕೋಣೆಯೆಂದು ಕಟ್ಟಿದ್ದನ್ನು ಮುಂದೆ ಗೋದಾಮು ಮಾಡಿಕೊಳ್ಳುವುದು ನಮ್ಮಲ್ಲಿ ಮಾಮೂಲಾದ್ದರಿಂದ, ಯಾವುದಕ್ಕೆಂದು ಮೊದಲೇ ನಿಶ್ಚಯಿಸಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡುವುದು ಒಳ್ಳೆಯದು. ಎಷ್ಟು ಸಾಲು ಮೂಟೆ ಎಂದು ಒಂದು ಗೆರೆ ಎಳೆದರೆ ಆಳುಗಳಿಗೂ ತಿಳಿಯುತ್ತದೆ.

ಖರ್ಚಿಗೆ ಇಳಿಯುವ ಮುನ್ನ ಎತ್ತರ ಅಳೆಯಬೇಕು. ಇದರಲ್ಲೇ ಅರ್ಧ ಜನರ ಅಟ್ಟದ ಆಸೆ ಮುಗಿದುಹೋಗುತ್ತದೆ. ಅಡಿಗೆ ಏಳು ಇಂಚು ಏರುವ 30 ಅಡಿ ಅಗಲದ ಮಾಡಿಗೆ ನೆತ್ತಿಯಲ್ಲಿ ಸಿಗುವುದು 105 ಇಂಚು, ಎಂಟೂಮುಕ್ಕಾಲು ಅಡಿ. ಆರಡಿ ಎತ್ತರ ಬೇಕೆಂದರೆ ಪ್ರತಿ ಗೋಡೆಯಿಂದ ಹತ್ತೂಕಾಲು ಅಡಿ ಒಳಗೆ ಬರಬೇಕು. ಉಳಿಯುವುದು ನಡುವಿನ ಒಂಬತ್ತೂವರೆ ಅಡಿ. ನೆಲಹಾಸಿಗೆ ನಾಲ್ಕು ಇಂಚು, ಮೇಲೆ ಅಡ್ಡ ಪೈಪು ಹಾಗೂ ಸೆಕೆ ತಡೆಯುವ ಮುಚ್ಚಿಗೆಗೆ ಹತ್ತು ಇಂಚು ಹೋದರೆ, ತಲೆ ತಾಗದೆ ನಡೆಯಲು ಸಿಗುವುದು ಸುಮಾರು ಐದೂವರೆ ಅಡಿ ಅಗಲದ ಓಣಿ ಮಾತ್ರ. ಉಳಿದ ಜಾಗ ಮಂಚಕ್ಕೆ, ಪೆಟ್ಟಿಗೆಗೆ, ಮೂಟೆಗೆ ಆಗಬಹುದು. ಇಪ್ಪತ್ತು ಅಡಿ ಅಗಲದ ಮನೆಗಂತೂ ನೆತ್ತಿಯಲ್ಲೇ 70 ಇಂಚು. ಅಲ್ಲಿ ಕೋಣೆಯ ಮಾತೇ ಬೇಡ; ಹಗುರವಾದ ಸಾಮಾನಿಗೆ ಒಂದು ನಾಗಂದಿಗೆ ಮಾಡಿಕೊಂಡರೆ ಸಾಕು.

ಎತ್ತರ ಸಾಕಷ್ಟಿದೆ ಎಂದಾದರೆ ಸರಿಯಾದ ಕ್ರಮ ಹಿರಿಯರದ್ದೇ. ಅಟ್ಟಕ್ಕೆ ಅದರದೇ ತೊಲೆ. ಮರದ ಬದಲು ಕಬ್ಬಿಣದ ಐ ಬೀಮ್ ಅಷ್ಟೆ. ಬೀಮುಗಳನ್ನು ಟ್ರಸ್ಸಿಗೆ ಸಮಾನಾಂತರವಾಗಿ, ಎರಡು ಟ್ರಸ್ಸುಗಳ ನಡುವಿನ ತೆರವಿನಲ್ಲಿ ಕೂಡಿಸಬೇಕು. ಹತ್ತು ಅಡಿಯ ತೆರವಿನಲ್ಲಿ ಎರಡು ಬೀಮು, ಪ್ರತಿಯೊಂದೂ ಹತ್ತಿರದ ಟ್ರಸ್ಸಿನಿಂದ ಎರಡೂವರೆ ಅಡಿ ದೂರ. ಹೀಗೆ ಮಾಡಿದರೆ ಬೀಮಿನಿಂದ ಬೀಮಿಗೆ ಐದೈದು ಅಡಿ ಬರುತ್ತದೆ. ಬೀಮಿನ ಮೇಲ್ಮೈ ಟ್ರಸ್ಸಿನ ಕೆಳ ಕಂಬಿಗಿಂತ ಒಂದೆರಡು ಇಂಚು ಮೇಲಿರಲಿ. ಹಾಸುವ ಹಲಗೆ ಕಂಬಿಯ ಮೇಲಿನಿಂದ ಅದಕ್ಕೆ ತಾಗದೆ ಹಾದುಹೋಗಬೇಕು. ಭಾರ ಬಿದ್ದು ನೆಲ ಸ್ವಲ್ಪ ಬಾಗಿದರೂ ಕಂಬಿಯ ಮೇಲೆ ಕೂರದಷ್ಟು ಸಂದು ಉಳಿಯಬೇಕು. ಆ ಸಂದಿನಲ್ಲಿ “ಗಟ್ಟಿಯಾಗಿರಲಿ” ಎಂದು ಯಾರಾದರೂ ಮರದ ಚಕ್ಕೆ ತುರುಕಿದರೆ ಇಷ್ಟೂ ಶ್ರಮ ವ್ಯರ್ಥ.

ಮೂವತ್ತು ಅಡಿಯನ್ನು ಒಂದೇ ಬೀಮಿನಲ್ಲಿ ದಾಟಿಸುವುದು ದುಬಾರಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ನಡುಗೋಡೆ ಇರುತ್ತದೆ, ಆಗ ಬೀಮು 15 ಅಡಿಯದಾಗುತ್ತದೆ. ಐದು ಅಡಿಗೊಂದರಂತೆ ಹಾಕಿದ 15 ಅಡಿಯ ಬೀಮಿಗೆ, ವಾಸದ ಕೋಣೆ ಮತ್ತು ಹಗುರವಾದ ಹಲಗೆಯ ನೆಲವಾದರೆ ಆರು ಇಂಚಿನ, ಅಂದರೆ 150 ಮಿ.ಮೀ. ಐ ಬೀಮ್ ಲೆಕ್ಕಕ್ಕೆ ಬರುತ್ತದೆ. ಇದು ಮೀಟರಿಗೆ 15 ಕೆ.ಜಿ. ತೂಗುವಂಥದು. ಗೋದಾಮಾದರೆ ಎಂಟು ಇಂಚಿನದು, 200 ಮಿ.ಮೀ., ಮೀಟರಿಗೆ 25 ಕೆ.ಜಿ.ಯದು. ಇದು ತಮಗೆ ಅಂದಾಜು ಸಿಗಲೆಂದು ಕೊಟ್ಟ ಲೆಕ್ಕ. ತಮ್ಮ ಮನೆಯ ಅಳತೆ ಹಿಡಿದು ಎಂಜಿನಿಯರರಿಂದ ಒಮ್ಮೆ ನೋಡಿಸದೆ ಕಬ್ಬಿಣ ಖರೀದಿಸಬಾರದು. ಅವರ ಶುಲ್ಕ ಒಂದು ಬೀಮಿನ ಬೆಲೆಯನ್ನು ಮೀರುವುದು ಅಪರೂಪ. ಐ ಬೀಮು ದುಬಾರಿಯೆಂದು ತಗಡಿನ ಮಾಡಿಗೆ ಹಾಕುವ ತೆಳು ಪೈಪನ್ನೇ ಎರಡೆರಡು ಜೋಡಿಸಿ ವೆಲ್ಡ್ ಮಾಡಿ ಹಾಕುವುದು ಕಾಣುತ್ತದೆ. ಬೇಡ.

ಬೀಮಿನ ಮೇಲೆ ಸಣ್ಣ ಜಂತೆ ಎರಡೆರಡು ಅಡಿಗೆ, ಅದರ ಮೇಲೆ ಹಲಗೆ ಅಥವಾ ಸಿಮೆಂಟ್ ಬೋರ್ಡು. ಒಂದಿಂಚಿನ ಹಲಗೆಯನ್ನು ಐದು ಅಡಿಯ ತೆರವಿಗೆ ನೇರವಾಗಿ ಹಾಸಿ ಮೂಟೆ ಇಡಲಾಗದು. ಕಾಂಕ್ರೀಟ್ ಸುರಿಯುವ ಆಸೆ ಕೆಲವರಿಗೆ. ನಾಲ್ಕು ಇಂಚಿನ ಕಾಂಕ್ರೀಟೊಂದೇ ಚದರ ಮೀಟರಿಗೆ 250 ಕೆ.ಜಿ. ತೂಗುತ್ತದೆ, ಕೋಣೆಯಲ್ಲಿ ಇರುವ ಜನ ಮತ್ತು ಸಾಮಾನಿಗಿಂತ ಹೆಚ್ಚು. ಅದನ್ನು ಮಾಡುವುದಾದರೆ ಬೀಮು, ಗೋಡೆ, ಬುನಾದಿ ಎಲ್ಲದರ ಲೆಕ್ಕವನ್ನೂ ಮತ್ತೆ ಮೊದಲಿನಿಂದ ಹಾಕಬೇಕು.

ಗೋಡೆಯ ವಿಷಯದಲ್ಲಿ ಅವಸರ ಕೂಡದು. ಮೇಲೆ ಹೇಳಿದ ಗೋದಾಮಿನ ಬೀಮು ಪೂರ್ಣ ಭಾರ ಹೊತ್ತಾಗ ಒಂದೊಂದು ತುದಿಯಲ್ಲಿ ಸುಮಾರು 2,700 ಕೆ.ಜಿ. ಇಳಿಸುತ್ತದೆ. ನಡುಗೋಡೆಗೆ ಎರಡೂ ಕಡೆಯ ಬೀಮು ಬರುವುದರಿಂದ ಅಲ್ಲಿ 5,400. ಬೀಮಿನ ತುದಿ ಗೋಡೆಯ ಮೇಲೆ ಕೂರುವ ಜಾಗವಾದರೋ ಒಂದು ಗೇಣು. ಜಂಬಿಟ್ಟಿಗೆಯ ಗೋಡೆಯನ್ನು ಒಡೆದು ಗೂಡು ಮಾಡಿ ಬೀಮಿನ ತುದಿ ತುರುಕಿದರೆ ಕಲ್ಲು ಪುಡಿಯಾಗಿ ಬೀಮು ಕುಸಿಯುತ್ತದೆ. ಗೋಡೆಯ ತಲೆಯ ಮೇಲೆ ಉದ್ದಕ್ಕೂ ಕಾಂಕ್ರೀಟ್ ಪಟ್ಟಿ ಹಾಕಿ, ಅದರ ಮೇಲೆ ಬೀಮು ಕೂರಿಸಿದರೆ ಭಾರ ಹರಡಿಕೊಳ್ಳುತ್ತದೆ. ಹಾಗೆ ಮಾಡಲು ಮಾಡು ಅಡ್ಡವಾದರೆ ಪ್ರತಿ ಬೀಮಿನಡಿಗೆ ಎರಡು ಅಡಿ ಉದ್ದದ ಕಾಂಕ್ರೀಟ್ ದಿಂಡನ್ನಾದರೂ ಹಾಕಬೇಕು. ಮಣ್ಣಿನ ಗೋಡೆಯಾದರೆ ಅದರ ಮೇಲೆ ಏನನ್ನೂ ಹೊರಿಸಬೇಡಿ. ಗೋಡೆಗೆ ಒತ್ತಿ ಕಬ್ಬಿಣದ ಕಂಬ ನಿಲ್ಲಿಸಿ, ಕಂಬಕ್ಕೆ ನೆಲದಲ್ಲಿ ಬುನಾದಿ ಕೊಟ್ಟು, ಅಟ್ಟವನ್ನು ಮನೆಯೊಳಗಿನ ಮಂಚದಂತೆ ಬೇರೆಯೇ ನಿಲ್ಲಿಸಬಹುದು. ಹಾಗೆ ಮಾಡಿದವರ ಅಟ್ಟ ಅತ್ಯುತ್ತಮವಾಗಿರುವುದನ್ನು ಕಂಡಿದ್ದೇನೆ. ಮುಂದೆ ಗೋಡೆ ಬದಲಿಸಿದರೂ ಅಟ್ಟ ಅಲುಗದು.

ಇನ್ನು ಟ್ರಸ್ಸಿನ ನಡುವಿನ ಓರೆ ಕಂಬಿಗಳು. ಅಟ್ಟದಲ್ಲಿ ಓಡಾಡುವಾಗ ಅವು ಅಡ್ಡ ಬರುತ್ತವೆ, ಮೂಟೆ ಹೊತ್ತವನ ತಲೆಗೆ ತಾಗುತ್ತವೆ. “ಒಂದೇ ಒಂದು ಕಂಬಿ ಕತ್ತರಿಸಿದರೆ ಏನಾದೀತು” ಎಂದು ವೆಲ್ಡಿಂಗಿನವನನ್ನು ಕರೆಸುವವರಿದ್ದಾರೆ. ಅವನೂ ಅರ್ಧ ಗಂಟೆಯಲ್ಲಿ ಕತ್ತರಿಸಿ ಕೊಡುತ್ತಾನೆ. ನಮ್ಮೂರಿನ ವೆಲ್ಡಿಂಗಿನವರ ಕೈಚಳಕಕ್ಕೆ ಕೊರತೆಯಿಲ್ಲ, ಆದರೆ ಯಾವ ಕಂಬಿ ಏನನ್ನು ಹೊತ್ತಿದೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ನಮ್ಮ ಕಡೆಯ ಒಂದು ಮನೆಯಲ್ಲಿ ಹೀಗೆ ಎರಡು ಕಂಬಿ ತೆಗೆಸಿದ್ದರು. ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯದರಲ್ಲಿ ಹೆಂಚಿನ ಸಾಲು ನಡುವೆ ತಗ್ಗಿ ನೀರು ಸೋರತೊಡಗಿತು. ಹೆಂಚಿನ ದೋಷವೆಂದು ಹೆಂಚು ಬದಲಿಸಿದರು, ಸೋರುವುದು ನಿಲ್ಲಲಿಲ್ಲ. ಮೂರನೆಯ ವರ್ಷ ಹೊರಗೋಡೆಯ ತಲೆ ಒಂದಿಂಚು ಹೊರಕ್ಕೆ ವಾಲಿದ್ದು ಕಂಡ ಮೇಲೆ ಮೇಲೆ ಹತ್ತಿ ನೋಡಿದರು. ಮೇಲಿನ ಓರೆ ಕಂಬಿ ಆಸರೆ ತಪ್ಪಿ ಬಾಗಿತ್ತು. ಹೆಂಚನ್ನೆಲ್ಲ ಇಳಿಸಿ ಟ್ರಸ್ ಬದಲಿಸಲು ಆದ ಖರ್ಚಿನಲ್ಲಿ ಅಂಗಳದ ಬದಿಗೆ ಒಂದು ಸಣ್ಣ ಗೋದಾಮೇ ಆಗುತ್ತಿತ್ತು.

ಕೆಳ ಕಂಬಿಯನ್ನು ಕತ್ತರಿಸುವುದಂತೂ ಇದಕ್ಕಿಂತ ಅಪಾಯ. ನಾವು ಲೆಕ್ಕಕ್ಕೆ ಹಿಡಿದ ಮನೆಯಲ್ಲಿ ಹೆಂಚಿನ ಮಾಡಿದ್ದರೆ ಆ ಕಂಬಿಯಲ್ಲಿ ಒಂದು ಟನ್ನಿಗೂ ಮೀರಿದ ಎಳೆತ ಇರುತ್ತದೆ. ಕತ್ತರಿಸಿದ ಕ್ಷಣ ಅಷ್ಟೂ ಬಲ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಟ್ರಸ್ಸಿನಿಂದ ಟ್ರಸ್ಸಿಗೆ ಗುಣಿಸು ಚಿಹ್ನೆಯಂತೆ ಕಟ್ಟಿರುವ ಸಪೂರ ಸರಳುಗಳನ್ನೂ ಮುಟ್ಟಬಾರದು. ಗಾಳಿಗೆ ಟ್ರಸ್ಸುಗಳು ಒಂದರ ಮೇಲೊಂದು ಮಗುಚದಂತೆ ತಡೆಯುವುದು ಅವೇ. ಬಾಗಿಲು ಬೇಕಾದಲ್ಲಿ ಕಂಬಿ ಬಂದರೆ ಬಾಗಿಲನ್ನು ಸರಿಸಿ. ಹತ್ತು ಅಡಿಗೊಮ್ಮೆ ಬರುವ ಟ್ರಸ್ಸನ್ನೇ ಕೋಣೆಯ ಗಡಿಯೆಂದು ಮಾಡಿ, ಅಲ್ಲಿ ತೆಳು ಹಲಗೆಯ ಅಡ್ಡಗೋಡೆ ಹಾಕಿದರೆ ಕಂಬಿಗಳು ಅದರೊಳಗೆ ಅಡಗುತ್ತವೆ.

ಭಾರ ಹೊತ್ತಿರುವ ಟ್ರಸ್ಸಿಗೆ ಕೊಕ್ಕೆ, ಬ್ರಾಕೆಟ್ ವೆಲ್ಡ್ ಮಾಡಿಸುವುದೂ ಒಳ್ಳೆಯದಲ್ಲ. ಕಾದ ಕಬ್ಬಿಣ ಬಲ ಕಳೆದುಕೊಳ್ಳುತ್ತದೆ. 600 ಡಿಗ್ರಿಯ ಹತ್ತಿರ ಅದರ ಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ವೆಲ್ಡಿಂಗಿನ ಶಾಖ ಅದಕ್ಕೂ ಬಹಳ ಮೇಲೆ. ಸತು ಲೇಪಿಸಿದ ಪೈಪಾದರೆ ಸುಟ್ಟ ಕಡೆ ಲೇಪ ಹೋಗಿ ತುಕ್ಕು ಅಲ್ಲಿಂದಲೇ ಶುರು. ಅಟ್ಟದಲ್ಲಿ ಗೋಣಿಚೀಲ, ಅಡಿಕೆ ಸಿಪ್ಪೆ ಇದ್ದರೆ ಕಿಡಿ ಬಿದ್ದು ಬೆಂಕಿಯ ಭಯ ಬೇರೆ. ಇದೇ ಕಾರಣಕ್ಕೆ ಸೌದೆಯ ಡ್ರೈಯರಿನ ಮೇಲ್ಭಾಗದಲ್ಲಿ ಅಟ್ಟ ಬೇಡ. ಕಬ್ಬಿಣ ಉರಿಯುವುದಿಲ್ಲ ನಿಜ, ಆದರೆ ಬೆಂಕಿಯಲ್ಲಿ ದಪ್ಪ ಮರದ ತೊಲೆ ನಿಂತಷ್ಟು ಹೊತ್ತು ತೆಳು ಕಬ್ಬಿಣದ ಪೈಪು ನಿಲ್ಲುವುದಿಲ್ಲ.

ಏಣಿಯ ಬದಲು ಮೆಟ್ಟಿಲು ಎಂದಾದರೆ ಜಾಗದ ಲೆಕ್ಕ ಮೊದಲೇ ಹಾಕಬೇಕು. ಹತ್ತು ಅಡಿ ಎತ್ತರಕ್ಕೆ ಏಳೂವರೆ ಇಂಚಿನಂತೆ 16 ಏರು. ಹತ್ತು ಇಂಚಿನ 15 ಮೆಟ್ಟಿಲಿಗೆ ಹನ್ನೆರಡೂವರೆ ಅಡಿ ಉದ್ದ ಬೇಕು. ಅದು ಮೇಲೆ ತಲುಪುವ ಜಾಗ ಮಾಡಿನ ನಡುಭಾಗಕ್ಕೇ ಬರಬೇಕು, ಇಲ್ಲದಿದ್ದರೆ ಹತ್ತಿದವನ ತಲೆ ಪೈಪಿಗೆ. ಮೆಟ್ಟಿಲಿನ ಬಾಯಿ ಎರಡು ಬೀಮುಗಳ ನಡುವೆ ಬೀಳುವಂತೆ ಯೋಜಿಸಿದರೆ ಬೀಮು ಕತ್ತರಿಸಬೇಕಾಗುವುದಿಲ್ಲ. ಬಾಯಿಯ ಸುತ್ತ ಮೂರಡಿ ಎತ್ತರದ ಕಟಕಟೆ ಕಡ್ಡಾಯ; ಮಕ್ಕಳು, ವಯಸ್ಸಾದವರು ಇರುವ ಮನೆ ನಮ್ಮದು.

ಮಾಲು ಇಡುವವರಿಗೆ ಇನ್ನೊಂದು ಮಾತು. ತಗಡಿನಡಿಯ ಅಟ್ಟ ಮಾರ್ಚ್–ಏಪ್ರಿಲಿನಲ್ಲಿ ಒಲೆ, ಜೂನಿನ ನಂತರ ಹಸಿ. ಹತ್ತು–ಹನ್ನೊಂದು ಶೇಕಡಾ ತೇವಕ್ಕೆ ಒಣಗಿಸಿದ ಕಾಫಿ ಬೇಸಗೆಯಲ್ಲಿ ಇನ್ನೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಮಳೆಯಲ್ಲಿ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ರಾತ್ರಿ ತಗಡಿನ ಒಳಮೈ ಬೆವರಿ ಹನಿ ಮೇಲಿನ ಸಾಲಿನ ಮೂಟೆಗೇ ಬೀಳುತ್ತದೆ. ತಗಡಿನಡಿ ಮುಚ್ಚಿಗೆ ಕೊಟ್ಟು, ಎರಡರ ನಡುವೆ ಗಾಳಿಯಾಡಲು ತೆರವು ಬಿಟ್ಟು, ನೆತ್ತಿಯ ಎರಡು ಕೊನೆಗಳಲ್ಲಿ ಜಾಲರಿ ಹಾಕಿದ ಕಿಟಕಿ ಇಟ್ಟರೆ ಎರಡೂ ಕಾಟ ಬಹಳಷ್ಟು ಇಳಿಯುತ್ತದೆ. ಮಳೆಯ ದಿನಗಳಲ್ಲಿ ಆ ಕಿಟಕಿ ಮುಚ್ಚುವಂತಿರಲಿ. ಮೂಟೆಗಳು ಗೋಡೆಯಿಂದ ಒಂದು ಅಡಿ, ತಗಡಿನಿಂದ ಎರಡು ಅಡಿ ದೂರವಿರಲಿ. ಗೊಬ್ಬರ, ಔಷಧಿ, ಡೀಸೆಲ್ ಅದೇ ಅಟ್ಟದಲ್ಲಿ ಬೇಡವೇ ಬೇಡ. ಕಾಫಿ ವಾಸನೆಯನ್ನು ಹೀರಿಕೊಳ್ಳುವ ವಸ್ತು. ಕಬ್ಬಿಣದ ಮಾಡಿರುವ ಮನೆಯ ಅಟ್ಟಕ್ಕೆ ದೀಪ ಎಳೆಯುವಾಗ ತಂತಿಯನ್ನು ಕೊಳವೆಯೊಳಗೆ ಹಾಯಿಸಿ, ಟ್ರಸ್ಸಿಗೆ ಅರ್ಥ್ ಕೊಟ್ಟು, ಸೋರಿಕೆಗೆ ತಾನೇ ಆರುವ ಸ್ವಿಚ್ಚನ್ನು ಹಾಕಿಸಬೇಕು.

ಹೊಸ ಮನೆ ಕಟ್ಟುವವರ ದಾರಿ ಸುಲಭ. ಟ್ರಸ್ ಮಾಡಿಸುವ ಮೊದಲೇ ಅಟ್ಟ ಬೇಕೆಂದು ಹೇಳಿದರೆ, ನಡುವೆ ಕೋಣೆಯಷ್ಟು ತೆರವು ಬಿಟ್ಟು ಎರಡು ನೆಟ್ಟ ಕಂಬಿ ಕೊಟ್ಟು, ಕೆಳ ಕಂಬಿಯನ್ನೇ ಬೀಮಿನಷ್ಟು ದಪ್ಪ ಮಾಡಿದ ಟ್ರಸ್ಸನ್ನು ಲೆಕ್ಕ ಹಾಕಿ ಕೊಡುತ್ತಾರೆ. ಇಳಿಜಾರನ್ನು 40 ಡಿಗ್ರಿಗೆ ಏರಿಸಿದರೆ ಅದೇ 30 ಅಡಿ ಅಗಲಕ್ಕೆ ನೆತ್ತಿಯಲ್ಲಿ ಹನ್ನೆರಡೂವರೆ ಅಡಿ ಸಿಗುತ್ತದೆ. ಕಬ್ಬಿಣ ಹೆಚ್ಚು ಬೇಕಾಗುತ್ತದೆ, ಆದರೆ ಆಮೇಲೆ ಒಡೆದು ಕಟ್ಟುವುದಕ್ಕಿಂತ ಅಗ್ಗ.

ಈಗಾಗಲೇ ಟ್ರಸ್ಸಿನ ಮೇಲೆ ಹಲಗೆ ಹಾಸಿ ಮೂಟೆ ಇಟ್ಟಿರುವ ಸದಸ್ಯರು ಈ ವಾರವೇ ಒಂದು ಕೆಲಸ ಮಾಡಬೇಕು. ಕೆಳ ಕಂಬಿಯ ಎರಡು ತುದಿಗಳ ನಡುವೆ ನೂಲು ಬಿಗಿದು, ನಡುವೆ ಕಂಬಿ ನೂಲಿಗಿಂತ ಎಷ್ಟು ತಗ್ಗಿದೆ ಎಂದು ಅಳೆದು ಬರೆದಿಡಿ. ಗಂಟುಗಳ ವೆಲ್ಡಿನಲ್ಲಿ ಬಿರುಕು, ಓರೆ ಕಂಬಿಗಳಲ್ಲಿ ಬಾಗು, ಗೋಡೆಯ ತಲೆಯಲ್ಲಿ ಹೊಸ ಸೀಳು ಇದೆಯೇ ನೋಡಿ. ಇವುಗಳಲ್ಲಿ ಒಂದು ಕಂಡರೂ ಅದರ ಕೆಳಗೆ ಆ ರಾತ್ರಿ ಯಾರೂ ಮಲಗಬಾರದು. ನಂತರ ಮೂಟೆಗಳನ್ನು ಗೋಡೆಯ ಕಡೆಯಿಂದ ಶುರುಮಾಡದೆ ನಡುವಿನಿಂದ ಇಳಿಸುತ್ತ ಬನ್ನಿ. ಪೂರ್ತಿ ಇಳಿಸಿದ ಮೇಲೆ ಮತ್ತೆ ನೂಲು ಬಿಗಿದು ಅಳೆಯಿರಿ. ಕಂಬಿ ಮೇಲಕ್ಕೆ ಬಂದು ನೆಟ್ಟಗಾಗಿದ್ದರೆ ಟ್ರಸ್ ಇನ್ನೂ ಸೋತಿಲ್ಲ, ಮಾಡು ಹೊರುವ ತನ್ನ ಕೆಲಸಕ್ಕೆ ಆದೀತು. ಖಾಲಿಯಾದ ಮೇಲೂ ತಗ್ಗು ಉಳಿದಿದ್ದರೆ ಅದು ಮೊದಲೇ ಹಾಗೆ ಮಾಡಿದ್ದೋ, ಭಾರಕ್ಕೆ ಸೋತದ್ದೋ ಎಂದು ಎಂಜಿನಿಯರರೇ ಬಂದು ನೋಡಬೇಕು. ಅಲ್ಲಿಯವರೆಗೆ ಅಟ್ಟ ಖಾಲಿಯಿರಲಿ. ಅವರನ್ನು ಕರೆಯುವಾಗ ಮನೆಯ ಅಗಲ, ಟ್ರಸ್ಸಿನಿಂದ ಟ್ರಸ್ಸಿಗೆ ದೂರ, ಪೈಪಿನ ಅಳತೆ ಮತ್ತು ದಪ್ಪ, ಗೋಡೆ ಯಾವುದರದು, ಮಾಡು ಹೆಂಚಿನದೋ ತಗಡಿನದೋ ಎಂಬುದನ್ನು, ಈ ನೂಲಿನ ಎರಡು ಅಳತೆಗಳ ಜೊತೆಗೆ ಒಂದು ಕಾಗದದಲ್ಲಿ ಬರೆದು ಕೊಟ್ಟರೆ ಅರ್ಧ ದಿನದ ಕೆಲಸ ಉಳಿಯುತ್ತದೆ.